ಅಪ್‌ಡೇಟ್: ಸಿಐಎನ್ 2, ಒಂದು ವರ್ಷದ ನಂತರ

ಗರ್ಭಕಂಠದ ಬಯಾಪ್ಸಿಯಲ್ಲಿ ಸಿಐಎನ್ 2 (ಕ್ಯಾನ್ಸರ್ ಅಲ್ಲದಿದ್ದರೂ ಮುಂದೆ ಆಗಬಹುದಾದ ಜೀವಕೋಶ ಬದಲಾವಣೆಯ ಮಧ್ಯಮ ಹಂತ; 1 ಸೌಮ್ಯ, 3 ತೀವ್ರ) ಬಂದಿದೆ, 24ನೇ ವಯಸ್ಸಿಗೇ ಲೀಪ್ ಚಿಕಿತ್ಸೆ (ವಿದ್ಯುತ್ ಹರಿಯುವ ತಂತಿಯ ಕುಣಿಕೆಯಿಂದ ಆ ಭಾಗವನ್ನು ಕತ್ತರಿಸಿ ತೆಗೆಯುವುದು) ಮಾಡಿಸಲೇಬೇಕೇ ಎಂದು ಕಳೆದ ವರ್ಷ ಮಂಡ್ಯದಿಂದ ಕೇಳಿದ್ದೆ. ಮೈಸೂರಿನ ತಜ್ಞ ವೈದ್ಯೆಯೊಬ್ಬರು, 30ರೊಳಗಿನವರಲ್ಲಿ ಇಂತಹ ಬದಲಾವಣೆ ಎರಡು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ತಾನಾಗಿಯೇ ಇಳಿಯುತ್ತದೆಂದೂ, ಲೀಪ್‌ನಲ್ಲಿ ಅಂಗಾಂಶವನ್ನು ಆಳವಾಗಿ ತೆಗೆದಷ್ಟೂ ಮುಂದೆ ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವ ಹೆಚ್ಚೆಂದೂ ವಿವರಿಸಿ, ಆರು ತಿಂಗಳಿಗೊಮ್ಮೆ ತಪ್ಪದೆ ಬರುವುದಾದರೆ ಮಾತ್ರ ಕಾಯೋಣವೆಂದರು. ಇದು ಕೈಕಟ್ಟಿ ಕೂರುವುದಲ್ಲವೆಂದು ಅಮ್ಮನಿಗೆ ಮನವರಿಕೆ ಮಾಡುವುದೇ ನನಗೆ ಹೆಚ್ಚು ಕಷ್ಟವಾಯಿತು. ಅಸಹಜ ಜಾಗವನ್ನು ಬೆಳ್ಳಗೆ ತೋರಿಸುವ ಆಸಿಟಿಕ್ ಆಮ್ಲ ಹಚ್ಚಿದಾಗ ಮೊದಲು ಸುಣ್ಣದಂತೆ ಬೆಳ್ಳಗಾಗಿದ್ದ ಜಾಗ, ಮೊನ್ನೆಯ ಕಾಲ್ಪೊಸ್ಕೋಪಿಯಲ್ಲಿ (ಗರ್ಭಕಂಠವನ್ನು ದೊಡ್ಡದಾಗಿಸಿ ನೋಡುವ ಪರೀಕ್ಷೆ) ತೆಳುವಾದ ಮಬ್ಬಾಗಿ ಮಾತ್ರ ಕಂಡಿತು. ಬಯಾಪ್ಸಿ ವರದಿ ಸಿಐಎನ್ 1 ಎಂದಿದೆ. ಸಿಐಎನ್ 3ಕ್ಕೆ ಏರಿದ್ದರೆ ಚಿಕಿತ್ಸೆಯನ್ನೇ ಮಾಡುತ್ತಿದ್ದೆವೆಂದು ವೈದ್ಯೆ ಹೇಳಿದರು. ಮುಂದಿನ ತಪಾಸಣೆ ಆರು ತಿಂಗಳಿಗೆ.