ವಾರಕ್ಕೆ ಮುಕ್ಕಾಲು ಗಂಟೆಯೋ, ಒಂದೇ ದಿನ ಮೂರು ಗಂಟೆಯೋ? ಗುಂಪಿನಲ್ಲಿ ನಡೆದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಕ್ಲಿನಿಕಲ್ ಸೈಕಾಲಜಿಸ್ಟ್ ಮೇಡಂ ಒಂಬತ್ತೂವರೆವರೆಗೆ ಇರ್ತಾರೆ. ವಾರವಾರ ಕೌನ್ಸೆಲಿಂಗ್‌ಗೆ ಹೋಗೋ ಬದಲು ಒಂದೇ ಸಲ ಎರಡು-ಮೂರು ಗಂಟೆ, ಇಲ್ಲಾ ಸತತ ನಾಲ್ಕೈದು ದಿನ ಕೂರೋ ಥೆರಪಿ ಬಗ್ಗೆ ಕೇಳಿ. ಹೆಸರು ಬೇಡ, ಊರು ಸಾಕು.

ಹರಿಹರ: ಮೇಡಂ, ನಂದು ಶಿಫ್ಟ್ ಕೆಲಸ. ವಾರವಾರ ರಜೆ ಸಿಗಲ್ಲ. ಹೋದಾಗಲೂ ಮನಸ್ಸು ಬಿಚ್ಚೋ ಹೊತ್ತಿಗೆ ಟೈಮ್ ಮುಗೀತು ಅಂತಾರೆ. ಉದ್ದದ ಸೆಷನ್ ಆಗ್ತದಾ?

ಮೇಡಂ: ಕೆಲವು ತೊಂದರೆಗೆ ಚೆನ್ನಾಗೇ ಆಗುತ್ತೆ. ಅಪಘಾತ, ದೌರ್ಜನ್ಯದಂಥ ಆಘಾತದ ನೆನಪಿಗೆ ಅಮೆರಿಕದ ಸೈಕಾಲಜಿಸ್ಟ್ ಎಡ್ನಾ ಫೋವಾ ರೂಪಿಸಿದ ಚಿಕಿತ್ಸೆಯಲ್ಲಿ ಒಂದು ಸೆಷನ್ನೇ 90 ನಿಮಿಷ. ನಡೆದದ್ದನ್ನ ಮತ್ತೆ ಮತ್ತೆ ಬಾಯಿಬಿಟ್ಟು ಹೇಳ್ತಾ ಹೇಳ್ತಾ ಭಯ ಏರಿ, ಒಂದಿಷ್ಟು ತಗ್ಗೋವರೆಗೂ ಜೊತೆಗೆ ಕೂರಬೇಕು. ಮಧ್ಯದಲ್ಲಿ ಎಬ್ಬಿಸಿ ಕಳಿಸಿದ್ರೆ ಅದೇ ಭಯ ಹೊತ್ಕೊಂಡು ಬಸ್ ಹತ್ತುತ್ತಾರೆ. ಟೆಕ್ಸಾಸ್‌ನಲ್ಲಿ ಸೈನಿಕರಿಗೆ ಇದೇ ಚಿಕಿತ್ಸೆಯ 10 ಸೆಷನ್‌ಗಳನ್ನ ಒಂದು ಗುಂಪಿಗೆ 8 ವಾರದಲ್ಲಿ, ಇನ್ನೊಂದಕ್ಕೆ 2 ವಾರದಲ್ಲೇ ಕೊಟ್ಟು ನೋಡಿದ್ರು. 2018ರಲ್ಲಿ ಪ್ರಕಟ ಆಯ್ತು. ಎರಡೇ ವಾರದವರು ಹಿಂದೆ ಬೀಳಲಿಲ್ಲ. ಆದರೆ ಮನೆ ಜಗಳ, ಬಹುಕಾಲದ ಬೇಸರ ಇಂಥವಕ್ಕೆ ವಾರದ ಅಂತರವೇ ಬೇಕು. ಇಲ್ಲಿ ಮಾತಾಡಿದ್ದನ್ನ ಮನೇಲಿ ಮಾಡಿ ನೋಡಿ ಬರಬೇಕಲ್ಲ. ನಿಮ್ಮ ತೊಂದರೆ ಏನು ಅಂತ ನೀವು ಬರೆದಿಲ್ಲ.

ಚಿತ್ರದುರ್ಗ: ಒಂದೇ ದಿನದಲ್ಲಿ ಗುಣ ಆಗೋದು ನಿಜಾನಾ?

ಮೇಡಂ: ನಾಯಿ, ಇಂಜೆಕ್ಷನ್, ಎತ್ತರ ಹೀಗೆ ಯಾವುದೋ ಒಂದಕ್ಕೇ ಅಂಟಿಕೊಂಡ ಭಯ ಆದ್ರೆ ಬಹಳಷ್ಟು ಜನರಿಗೆ ಹೌದು. ಸ್ವೀಡನ್ನಿನ ಸೈಕಾಲಜಿಸ್ಟ್ ಲಾರ್ಸ್ ಗೋರನ್ ಓಸ್ಟ್ ಮೂರು ಗಂಟೆಯೊಳಗಿನ ಒಂದೇ ಸೆಷನ್‌ನ ಕ್ರಮ ರೂಪಿಸಿದ್ದಾರೆ. ಖಿನ್ನತೆಗೆ ಇದು ಅನ್ವಯಿಸಲ್ಲ.

ಹೊಳಲ್ಕೆರೆ: ಮೇಡಂ ಖಿನ್ನತೆ ಒಂದೇ ದಿನಕ್ಕೆ ಹೋಗ್ತದಾ?

ಮೇಡಂ: ಇಲ್ಲ. ಮೇಲೆ ಬರೆದಿದೀನಿ.

ಜಗಳೂರು: ಮೇಡಂ, ನಮ್ಮಣ್ಣ ಲಾರಿ ಓಡಿಸ್ತಿದ್ದ. ಎರಡು ವರ್ಷದ ಹಿಂದೆ ಹಿರಿಯೂರು ಹತ್ರ ಹೈವೇಲಿ ಆಕ್ಸಿಡೆಂಟ್ ಆಗಿ ಕ್ಲೀನರ್ ಹುಡುಗ ತೀರ್ಕೊಂಡ. ಅವತ್ತಿಂದ ನಿದ್ದೆ ಇಲ್ಲ, ದಿನಾ ಕುಡೀತಾನೆ. ಗುಂಪಿನಲ್ಲಿ ಬಂದಿದ್ದು ಓದಿ ಹೋದ ತಿಂಗಳು ಮಾತ್ರೆನೂ ಬಿಟ್ಟ. ಈಗ ಮೂರು ದಿನದ ಶಿಬಿರ ಐತಿ, ಹದಿನೈದು ಸಾವಿರ, ಎಲ್ಲಾ ಹೋಗ್ತದೆ ಅಂತ ಯಾರೋ ಹೇಳವ್ರೆ. ಮೊನ್ನೆ ಅವನ ವಾಚ್ ಬಿಚ್ಚಿ ನನ್ನ ಮಗನ ಕೈಗೆ ಕಟ್ಟಿ, ಇನ್ನು ನಂಗ್ಯಾಕೆ ಇದು ಅಂದ. ಕಳಿಸಬೋದಾ?

ಚನ್ನಗಿರಿ: *ಫಾರ್ವರ್ಡ್* ರಾತ್ರಿ ಹಾಲಿಗೆ ಎರಡು ಜಾಯಿಕಾಯಿ ತೇಯ್ದು ಕುಡಿದರೆ ಏಳು ದಿನದಲ್ಲಿ ಮನೋರೋಗ ಮಾಯ. ಮಾತ್ರೆ ಎಸೆಯಿರಿ.

ಮೇಡಂ: ಜಗಳೂರಿನ ತಂಗಿ, ಶಿಬಿರಕ್ಕೆ ಕಳಿಸಬೇಡಮ್ಮ. ಉಳಿದವರು ಸ್ವಲ್ಪ ತಡೀರಿ.

ವಾಚ್ ಕೊಟ್ಟು ಆಡಿದ ಮಾತು ನನಗೆ ಭಯ ತರಿಸ್ತಿದೆ. ಇವತ್ತು ರಾತ್ರಿನೇ ಪಕ್ಕದಲ್ಲಿ ಕೂತು ನೇರವಾಗಿ ಕೇಳು: ಅಣ್ಣಾ, ಸಾಯಬೇಕು ಅನ್ನಿಸ್ತಿದೆಯಾ ಅಂತ. ಕೇಳಿದ್ರೆ ತಲೆಗೆ ತುಂಬಿದ ಹಾಗೆ ಆಗಲ್ಲ, ಎಷ್ಟೋ ಜನ ಯಾರಾದ್ರೂ ಕೇಳಲಿ ಅಂತಲೇ ಕಾಯ್ತಿರ್ತಾರೆ. ಬೈಬೇಡ. ಅಳಬೇಡ ಅಂತ ನಾನು ಹೇಳಲ್ಲ, ಎದ್ದು ಮಾತ್ರ ಹೋಗಬೇಡ. ಮೆಕ್ಕೆಜೋಳಕ್ಕೆ ಹೊಡೆಯೋ ಔಷಧಿ ಬಾಟಲಿ ಮನೇಲಿದ್ರೆ ಈಗಲೇ ಬೇರೆಯವರ ಮನೆಗೆ ಸಾಗಿಸು. ಒಬ್ಬನ್ನೇ ಮಲಗಿಸಬೇಡ. ಹೌದು ಅಂದ್ರೆ ಬೆಳಗ್ಗೆವರೆಗೆ ಕಾಯದೆ ಆಸ್ಪತ್ರೆಗೆ ಕರ್ಕೊಂಡು ಹೋಗು. ಇಲ್ಲ ಅಂದ್ರೂ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಅದು, ದುಡ್ಡು ಕೊಡಬೇಕಿಲ್ಲ, ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡ್ತಾರೆ.

ಶಿಬಿರ ಯಾಕೆ ಬೇಡ ಅಂದ್ರೆ, ದಿನಾ ಕುಡಿಯೋರು ದಿಢೀರ್ ಬಿಟ್ಟರೆ ಮೊದಲ ಎರಡು ದಿನದಲ್ಲೇ ಕೈ ನಡುಕ, ಫಿಟ್ಸ್ ಬರಬಹುದು. ಮೂರನೇ ದಿನದ ಹೊತ್ತಿಗೆ ಇಲ್ಲದ್ದು ಕಾಣೋದು, ಬಡಬಡಿಸೋದು ಶುರುವಾಗಬಹುದು. ಜೀವಕ್ಕೇ ಅಪಾಯ. ಸರಿಯಾಗಿ ಅದೇ ಮೂರು ದಿನ ಅವನನ್ನ ಡಾಕ್ಟರಿಲ್ಲದ ಕಡೆ ಕೂರಿಸಿ ಆ ಹುಡುಗನ ಸಾವನ್ನ ನೆನಪಿಸಿದ್ರೆ ಏನಾಗುತ್ತೆ ಯೋಚಿಸು. ಮೊದಲು ಮನೋವೈದ್ಯರು, ಕುಡಿತ ಬಿಡಿಸೋದಕ್ಕೆ ಔಷಧಿ. ಬಿಟ್ಟ ಮಾತ್ರೆನೂ ನೀನಾಗಿ ಮತ್ತೆ ಶುರು ಮಾಡಿಸಬೇಡ, ಅವರೇ ಹೇಳಲಿ. ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೂ ಮನೋವೈದ್ಯರು ಬರ್ತಾರೆ, ಆದರೆ ಅವನನ್ನ ಮಂಗಳವಾರದವರೆಗೆ ಕಾಯಿಸಬೇಡ. ನಾಳೆನೇ ಜಿಲ್ಲಾ ಆಸ್ಪತ್ರೆ.

ಅವನು ಸ್ಥಿರ ಆದ ಮೇಲೆ ಆ ಅಪಘಾತಕ್ಕೆ ಉದ್ದದ ಸೆಷನ್ನೇ ಸರಿಹೋಗಬಹುದು. ನಿಮ್ಮ ಬಸ್ ಖರ್ಚು, ಕೂಲಿ ನೋಡಿದ್ರೂ ಅದೇ ವಾಸಿ. ಆದರೆ ಮೊದಲು ಪೂರ್ತಿ ವಿಚಾರಿಸ್ಕೋಬೇಕು, ಆಮೇಲೂ ವಾರವಾರ ಫೋನ್ ಮಾಡಿ ಹೇಗಿದ್ದಾರೆ ಅಂತ ಕೇಳ್ತಿರಬೇಕು. ಈ ಎರಡೂ ಇಲ್ಲದೆ ನಾನು ಯಾರನ್ನೂ ಕೂರಿಸಲ್ಲ.

ಚನ್ನಗಿರಿ: ಜಾಯಿಕಾಯಿ ಬಗ್ಗೆ ಹೇಳಲಿಲ್ಲ ಮೇಡಂ.

ಮೇಡಂ: ಅಷ್ಟು ಜಾಯಿಕಾಯಿ ವಿಷ. ಎದೆ ಹೊಡ್ಕೊಳ್ಳುತ್ತೆ, ಭ್ರಮೆ ಹಿಡಿಯುತ್ತೆ. ಮಾತ್ರೆ ಎಸೆಯಿರಿ ಅಂತ ಬರೆದಿದೀರಲ್ಲ, ಅಂಥದ್ದೇ ಓದಿ ಮಾತ್ರೆ ಬಿಟ್ಟವರ ಕಥೆ ನಿಮ್ಮ ಮೆಸೇಜಿನ ಮೇಲೇ ಇದೆ, ಓದಿ. ಡಿಲೀಟ್ ಮಾಡಿ.

ಚನ್ನಗಿರಿ: ನಮ್ಮಜ್ಜಿ ಕಾಲದಿಂದ ಜಾಯಿಕಾಯಿ ಕೊಡ್ತೀವಿ.

ದಾವಣಗೆರೆ, ವಿದ್ಯಾನಗರ: ಅಜ್ಜಿ ಕೂಸಿಗೆ ಕಲ್ಲಿನ ಮೇಲೆ ಒಂದು ಸುತ್ತು ತೇಯ್ತಿದ್ರು ಅಣ್ಣಾ, ಎರಡು ಕಾಯಿ ಅಲ್ಲ.

ಹೊಸದುರ್ಗ: ಕುಡಿಯೋನಿಗೆ ಎಂಥ ಥೆರಪಿ ರೀ? ನಾಲ್ಕು ಬಿಟ್ಟರೆ ದಾರಿಗೆ ಬರ್ತಾನೆ.

ವಿದ್ಯಾನಗರ: ನಮ್ಮ ಮಾವಗೆ ಹಂಗೇ ಮಾಡಿದ್ರು. ಈಗ ಫೋಟೋದಾಗೆ ಅದಾರೆ. ಬಾಯಿ ಇದೆ ಅಂತ ಏನು ಬೇಕಾದ್ರೂ ಅನ್ನಬೇಡ್ರಿ.

ಹೊಸದುರ್ಗ: ನನಗೆ ಬುದ್ಧಿ ಹೇಳಾಕೆ ನೀವ್ಯಾರು?

ಚಳ್ಳಕೆರೆ: ಮಗಳಿಗೆ ಪಿಯುಸಿ ಪರೀಕ್ಷೆ ಭಯ, ಆನ್‌ಲೈನಲ್ಲಿ ಉದ್ದದ ಸೆಷನ್ ಆಗ್ತದಾ ಮೇಡಂ?

ಹೊನ್ನಾಳಿ: ಖಿನ್ನತೆಗೆ ಒಂದು ದಿನದ ಟ್ರೀಟ್‌ಮೆಂಟ್ ಎಲ್ಲಿ ಮಾಡ್ತಾರೆ?

ಮೇಡಂ: ಮೇಲೆ ಓದಿ. ಮೂರನೇ ಸಲ.

ಹೊನ್ನಾಳಿ: ಕೇಳಿದ್ದಕ್ಕೆ ಸಿಟ್ಟು ಯಾಕೆ? ಉತ್ತರ ಕೊಡಾಕೆ ತಾನೇ ಬಂದಿರೋದು.

ಅಡ್ಮಿನ್: ದಯವಿಟ್ಟು ಎಲ್ಲರೂ ಸಮಾಧಾನ. ಹೊಸದುರ್ಗದವರ ಇನ್ನೊಂದು ಮೆಸೇಜ್ ತೆಗೆದಿದೀನಿ.

ಚನ್ನಗಿರಿ: ನನ್ನದೂ ತೆಗೀರಿ ಹಂಗಾದ್ರೆ. ಇನ್ನು ಈ ಗುಂಪಿನಲ್ಲಿ ಮಾತೇ ಆಡಲ್ಲ.

ಹರಿಹರ: ಮೇಡಂ, ಉದ್ದದ ಸೆಷನ್‌ಗೆ ಫೀಸ್ ಎಷ್ಟಾಗ್ತದೆ?

ಮೇಡಂ: ಜಗಳೂರಿನ ತಂಗಿ, ಇದ್ದೀಯಾ? ಕೇಳಿದೆಯಾ?

ಚಳ್ಳಕೆರೆ: ಮೇಡಂ, ನಂದು ಪಿಯುಸಿ ಪ್ರಶ್ನೆ.

ಮೇಡಂ: ಜಗಳೂರು?

ಜಗಳೂರು: ಕೇಳ್ದೆ ಮೇಡಂ. ಬಾಳ ಹೊತ್ತು ಸುಮ್ಮನಿದ್ದು ಹೂಂ ಅಂದ. ಕ್ಲೀನರ್ ಹುಡುಗನ ಹೆಸರು ಎರಡು ವರ್ಷದಾಗೆ ಇವತ್ತೇ ಬಾಯಿಗೆ ತಂದಿದ್ದು. 14416ಕ್ಕೆ ನಾನೇ ಹಚ್ಚಿ ಕೊಟ್ಟೆ, ಒಳಗೆ ಮಾತಾಡ್ತಾವ್ನೆ. ಚಿಕ್ಕಪ್ಪನ ಮಗ ಕಾರು ತರಾಕೆ ಹೋದ, ದಾವಣಗೆರೆಗೇ ಬರ್ತೀವಿ.

ಮೇಡಂ: ಬನ್ನಿ. ಹಿಂದಿನ ಸೀಟಲ್ಲಿ ಅವನ ಪಕ್ಕ ನೀನೇ ಕೂರು. ಹಳೇ ಮಾತ್ರೆ ಚೀಟಿ ತಗೊಂಡು ಬಾ. ಕೊನೇ ಸಲ ಕುಡಿದದ್ದು ಎಷ್ಟು ಹೊತ್ತಿಗೆ ಅಂತ ಡಾಕ್ಟರಿಗೆ ಮೊದಲೇ ಹೇಳು. ಬಾಟಲಿ ಎಲ್ಲಿಟ್ಟೆ?

ಜಗಳೂರು: ಆಚೆ ಮನೆ ದೊಡ್ಡಮ್ಮನ ಟ್ರಂಕ್‌ನಾಗೆ. ಬೀಗದ ಕೈ ಅವರ ಸೊಂಟದಾಗೆ ಐತಿ.