ಕೈಮೇಲೆ ನಡೆದ ಜಾನಿ ಎಕ್: ಅವರ ಬದುಕು ಹೇಗಿತ್ತು, ಗೊತ್ತಿದ್ದವರು ಹೇಳಿ

ರಿಪೇರಿ ಅಂಗಡಿ, ರಾಣೆಬೆನ್ನೂರು

ಎಲ್ಲರಿಗೂ ನಮಸ್ಕಾರ. ನಾನು ಕೈಮೇಲೆ ನಡೆಯೋನು. ಎರಡು ವರ್ಷದವನಿದ್ದಾಗ ಪೋಲಿಯೋ ಬಂತು, ಸೊಂಟದ ಕೆಳಗೆ ಶಕ್ತಿ ಇಲ್ಲ. ಈಗ 52. ಟಿವಿ, ಮಿಕ್ಸರ್ ರಿಪೇರಿ ಮಾಡ್ತೀನಿ. ಓಡಾಡುವಾಗ ಹಳೇ ಹವಾಯಿ ಚಪ್ಪಲಿ ಕೈಗೆ ಹಾಕ್ಕೋತೀನಿ. ಆದರೂ ಅಂಗೈ ಬುಡದಲ್ಲಿ ಜಡ್ಡು ಕಟ್ಟಿದೆ. ಬೇಸಿಗೇಲಿ ಅದು ಸೀಳಿದರೆ ಸಾಲ್ಡರಿಂಗ್ ಕಡ್ಡಿ ಹಿಡಿಯೋಕೂ ಆಗಲ್ಲ.

ಮೊನ್ನೆ ತಂಗಿ ಮಗ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ಕೋಟು ಹಾಕಿದ ಚೆಂದದ ಹುಡುಗ, ಸೊಂಟದಿಂದ ಕೆಳಗೆ ಏನೂ ಕಾಣಲ್ಲ, ಎರಡು ಕೈಮೇಲೆ ನೆಟ್ಟಗೆ ನಿಂತಿದ್ದಾನೆ. ಜಾನಿ ಎಕ್ ಅಂತೆ, ಅಮೆರಿಕದ ಸೈಡ್‌ಶೋ (ಸರ್ಕಸ್ ಪಕ್ಕದಲ್ಲಿ ಬೇರೆ ಥರದ ಮೈಯವರನ್ನು ತೋರಿಸೋ ಆಟ) ಕಲಾವಿದ. ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ.

ನಂಗೆ ಒಂಬತ್ತು ವರ್ಷ ಇದ್ದಾಗ ಊರಿಗೆ ಸರ್ಕಸ್ ಬಂದಿತ್ತು. ಅವರ ಕಡೆಯ ಒಬ್ಬರು ಮನೆಗೇ ಬಂದು ನನ್ನನ್ನು ಕಳಿಸಿಕೊಡಿ ಅಂದರು. ಅಪ್ಪ ಚಹಾ ಕೊಟ್ಟು, ಆಗಲ್ಲ ಅಂದು ಕಳಿಸಿದ. ಅವ್ವ ವಾರಗಟ್ಟಲೆ ಅಪ್ಪನ ಜೊತೆ ಮಾತಾಡಲಿಲ್ಲ. ಸಾಯೋವರೆಗೂ ಅಂತಿದ್ದಳು, "ಕಳಿಸಿದ್ದರೆ ನಿಂಗೊಂದು ಮನೆ ಆಗ್ತಿತ್ತು." ಜಾನಿಗೆ ಮನೆ ಆಯ್ತಾ? ದುಡ್ಡು ಅವನ ಕೈಗೇ ಸಿಕ್ತಾ?

ನಿವೃತ್ತ ಲೈಬ್ರೇರಿಯನ್, ಮೈಸೂರು

ಜಾನಿ ಹುಟ್ಟಿದ್ದು 1911ರ ಆಗಸ್ಟ್ 27, ಬಾಲ್ಟಿಮೋರ್‌ನಲ್ಲಿ. ಅವಳಿ ತಮ್ಮನೋ ಅಣ್ಣನೋ, ಹೆಸರು ರಾಬರ್ಟ್. ಅವನಿಗೆ ಅಂಗಾಂಗ ಎಲ್ಲ ಸರಿಯಾಗಿತ್ತು. 1923ರಲ್ಲಿ ಚರ್ಚಿನಲ್ಲಿ ಜಾದೂ ನೋಡೋಕೆ ಹೋದಾಗ ಜಾದೂಗಾರನೇ ಜಾನಿಯನ್ನು ತನ್ನ ಜೊತೆ ಬಾ ಅಂದ. ರಾಬರ್ಟ್ ಕೂಡ ಜೊತೆಗೆ ಬರಬೇಕು ಅಂತ ಜಾನಿ ಹಟ ಹಿಡಿದ. ಮನೆಯವರು ಒಪ್ಪಿದ್ದು ಒಂದು ವರ್ಷಕ್ಕೆ. ಆಮೇಲೆ ಜಾದೂಗಾರ ಕರಾರು ಪತ್ರದಲ್ಲಿ ಒಂದರ ಮುಂದೆ ಸೊನ್ನೆ ಬರೆದು ಹತ್ತು ಮಾಡಿದ. ಇದು ಜಾನಿಯೇ ಹೇಳಿಕೊಂಡಿದ್ದ ಮಾತು.

ಓದಿದ ದಿನ ಆ ಸೊನ್ನೆ ಮೇಲೆ ನಂಗೆ ತುಂಬಾ ಸಿಟ್ಟು ಬಂದಿತ್ತು. ನಿಮ್ಮ ತಂದೆ ಮಾಡಿದ್ದು ಸರಿ, ಅಣ್ಣಾ.

ರಂಗದ ಹುಡುಗ, ಧಾರವಾಡ

ಮೇಡಂ ಹೇಳಿದ್ದು ನಿಜ, ಆದರೆ ಅವನ ಕಲೆಯನ್ನೂ ಹೇಳಬೇಕು. 1937ರ ಸುಮಾರಿಗೆ ರಾಜಾ ರಾಬಾಯ್ಡ್ ಅನ್ನೋ ಜಾದೂಗಾರನ ಜೊತೆ ಒಂದು ಆಟ ಮಾಡ್ತಿದ್ದರು. ಪ್ರೇಕ್ಷಕರ ಮಧ್ಯದಿಂದ ರಾಬರ್ಟ್ ಎದ್ದು ತಕರಾರು ತೆಗೀತಾನೆ. ಅವನನ್ನು ವೇದಿಕೆಗೆ ಕರೆದು ಗರಗಸದಿಂದ ಕೊಯ್ಯೋ ಹಾಗೆ ತೋರಿಸಬೇಕು. ಅಷ್ಟರಲ್ಲಿ ಮರೆಯಲ್ಲಿ ಆಳು ಬದಲು. ಮೇಲಿನ ಅರ್ಧ ಜಾನಿ, ಕೆಳಗಿನ ಅರ್ಧ ಪ್ಯಾಂಟಿನೊಳಗೆ ಮರೆಯಾದ ಒಬ್ಬ ಕುಳ್ಳ ಕಲಾವಿದ. ಕಾಲುಗಳು ಎದ್ದು ಓಡ್ತವೆ, "ನನ್ನ ಕಾಲು ಕೊಡಿ" ಅಂತ ಜಾನಿ ಕೈಮೇಲೆ ಅಟ್ಟಿಸಿಕೊಂಡು ಹೋಗ್ತಾನೆ. ಜನ ಕಿರುಚಿ ಎದ್ದು ಓಡ್ತಿದ್ದರಂತೆ. ಒಂದು ಕ್ಷಣ ತಪ್ಪಿದರೂ ಆಟ ಕೆಟ್ಟಿತು. ಇಷ್ಟು ಕರಾರುವಾಕ್ಕಾಗಿ ಮಾಡೋನನ್ನ ನಾನು ನಟ ಅಂತಲೇ ಕರೀತೀನಿ.

ರಿಪೇರಿ ಅಂಗಡಿ, ರಾಣೆಬೆನ್ನೂರು

ಓದಿ ಕಣ್ಣು ತುಂಬಿ ಬಂತು ತಮ್ಮಾ. ಕೈಮೇಲೆ ಓಡೋದು ಅಂದರೇನು ಅಂತ ನನ್ನ ಭುಜಕ್ಕೆ ಗೊತ್ತು. ಮೇಡಂ, ಮನೆ ವಿಷಯ ಹೇಳಲಿಲ್ಲ.

ನಿವೃತ್ತ ಲೈಬ್ರೇರಿಯನ್, ಮೈಸೂರು

ಮನೆ ಇತ್ತು ಅಣ್ಣಾ, ಹುಟ್ಟಿದ ಮನೆಯೇ. ಆಟ ಬಿಟ್ಟ ಮೇಲೆ ಅಣ್ಣತಮ್ಮಂದಿರು ಅಲ್ಲೇ ಇದ್ದರು. 1987ರಲ್ಲಿ ಕಳ್ಳರು ನುಗ್ಗಿದರು. ಒಬ್ಬ ಜಾನಿಯನ್ನು ಅದುಮಿ ಅವರ ಮೇಲೆ ಕೂತ, ಉಳಿದವರು ದೋಚಿದರು. ಆಮೇಲೆ ಜಾನಿ ಜನರನ್ನು ಹತ್ತಿರ ಸೇರಿಸಲಿಲ್ಲ. 1991ರ ಜನವರಿ 5ರಂದು ಅದೇ ಮನೇಲಿ ತೀರಿಕೊಂಡರು.

ಅವರು ಇನ್ನೊಂದು ಕೆಲಸ ಮಾಡ್ತಿದ್ದರು. ಬಾಲ್ಟಿಮೋರಿನ ಸಾಲುಮನೆಗಳಲ್ಲಿ ಕಿಟಕಿಯ ಜಾಲರಿ ಮೇಲೆ ಚಿತ್ರ ಬರೆಸೋ ರೂಢಿ. ಕೆಂಪು ಸೂರಿನ ಮನೆ, ಕೊಳ, ಹಂಸ. ತೂತು ಮುಚ್ಚದ ಹಾಗೆ ತೆಳುವಾಗಿ ಬಣ್ಣ ಹಚ್ಚಬೇಕು. ಹಗಲಲ್ಲಿ ಒಳಗಿದ್ದವರಿಗೆ ಬೀದಿ ಕಾಣುತ್ತೆ, ಬೀದಿಯವರಿಗೆ ಚಿತ್ರ ಮಾತ್ರ. ಜಾನಿ ಅದನ್ನು ಆಕ್ಟವೆಕ್ ಅನ್ನೋರ ಹತ್ತಿರ ಕಲಿತಿದ್ದರು.

ರಿಪೇರಿ ಅಂಗಡಿ, ರಾಣೆಬೆನ್ನೂರು

ನನ್ನ ಅಂಗಡಿ ಕಿಟಕಿ ಬಸ್ ಸ್ಟಾಪಿಗೆ ಎದುರು. ಬೆಳಿಗ್ಗೆ ನಾನು ನೆಲದಿಂದ ಸ್ಟೂಲಿಗೆ ಹತ್ತೋದನ್ನ ಬಸ್ ಕಾಯೋರು ನಿಂತು ನೋಡ್ತಾರೆ. ಅಲ್ಲಿರೋದು ಸೊಳ್ಳೆಗೆ ಹಾಕಿದ ನೈಲಾನ್ ಜಾಲರಿ. ಬೋರ್ಡ್ ಬರೆಯೋ ಬಣ್ಣ ಅದಕ್ಕೆ ಹಿಡಿಯುತ್ತಾ, ಅಥವಾ ಮೊದಲು ಕಬ್ಬಿಣದ ಜಾಲರಿ ಹಾಕಿಸಬೇಕಾ? ಗೊತ್ತಿದ್ದವರು ತಿಳಿಸಿ. ಹಂಸ ಬೇಡ, ನಮ್ಮೂರ ತುಂಗಭದ್ರೆ ಬರೆಸ್ತೀನಿ.