ಕನ್ನಡದಲ್ಲಿ ಚಿತ್ರಕಥೆ ಬರೆಯಲು ಯಾವ ಉಚಿತ ತಂತ್ರಾಂಶ ಒಳ್ಳೆಯದು?

ಕೋರಿಕೆ: 20 ನಿಮಿಷದ ಕಿರುಚಿತ್ರಕ್ಕೆ ಚಿತ್ರಕಥೆ, ಸಂಭಾಷಣೆ ಎರಡನ್ನೂ ಕನ್ನಡದಲ್ಲೇ ಬರೆಯಬೇಕೆಂದಿದ್ದೇನೆ. ನನ್ನ ಬಳಿ ಇರುವುದು ವಿಂಡೋಸ್‌ನ ಹಳೆಯ ಲ್ಯಾಪ್‌ಟಾಪ್. ಹಣ ಕೊಟ್ಟು ತಂತ್ರಾಂಶ ಕೊಳ್ಳುವ ಸ್ಥಿತಿಯಿಲ್ಲ. ಬಳಸಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ 1: ನಮಸ್ಕಾರ. ಯಾವ ತಂತ್ರಾಂಶದಲ್ಲಿ ಏನೇನು ಸೌಲಭ್ಯವಿದೆ ಎಂದು ನೋಡುವ ಮೊದಲು ಅದರಲ್ಲಿ "ಸ್ತ್ರೀ", "ವಾರ್ತೆ", "ಲಕ್ಷ್ಮಿ" ಎಂಬ ಮೂರು ಪದಗಳನ್ನು ಟೈಪಿಸಿ, ಪಿಡಿಎಫ್ ಮಾಡಿ, ಅದನ್ನು ಮೊಬೈಲಿನಲ್ಲಿ ತೆರೆದು ನೋಡಿ. ನಾನು ಮೊದಲು ಆರಿಸಿಕೊಂಡ ತಂತ್ರಾಂಶದಲ್ಲಿ ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಮೂವತ್ತು ದೃಶ್ಯ ಬರೆದು ಮುಗಿಸಿ ಪಿಡಿಎಫ್ ಮಾಡಿದಾಗ ಒತ್ತಕ್ಷರಗಳು ಬಿಡಿಬಿಡಿಯಾಗಿ, ಅರ್ಕಾವೊತ್ತು ಬರಬೇಕಾದಲ್ಲಿ ಖಾಲಿ ಚೌಕಗಳು ಬಂದಿದ್ದವು. ಕಲಾವಿದರ ಕೈಗೆ ಕೊಡಲು ಎರಡು ರಾತ್ರಿ ಕುಳಿತು ಎಲ್ಲವನ್ನೂ ಬೇರೆ ಕಡೆ ಜೋಡಿಸಬೇಕಾಯಿತು.

ಅಂದಿನಿಂದ ನಾನು ಬಳಸುತ್ತಿರುವುದು ಲಿಬ್ರೆಆಫೀಸ್ ರೈಟರ್ ಎಂಬ ಉಚಿತ ಬರವಣಿಗೆಯ ತಂತ್ರಾಂಶ. ಅದು ಚಿತ್ರಕಥೆಗೆಂದೇ ಮಾಡಿದ್ದಲ್ಲ, ಆದರೆ ಒಂದು ಗಂಟೆ ವ್ಯಯಿಸಿದರೆ ಹಾಗೆ ಮಾಡಿಕೊಳ್ಳಬಹುದು. ಎಫ್11 ಒತ್ತಿದರೆ ಸ್ಟೈಲ್‌ಗಳ (ಫಾಂಟ್, ಅಂಚು ಮುಂತಾದವನ್ನು ಒಟ್ಟಿಗೆ ಹೊಂದಿಸಿಟ್ಟ ವಿನ್ಯಾಸಗಳ) ಪಟ್ಟಿ ತೆರೆದುಕೊಳ್ಳುತ್ತದೆ. ಅಲ್ಲಿ ದೃಶ್ಯದ ತಲೆಬರಹ, ವಿವರಣೆ, ಪಾತ್ರ, ಸಂಭಾಷಣೆ ಎಂದು ನಾಲ್ಕು ಸ್ಟೈಲ್ ಮಾಡಿಕೊಂಡು, "ಪಾತ್ರ"ದ ಮುಂದಿನ ಸ್ಟೈಲ್ "ಸಂಭಾಷಣೆ" ಎಂದು ಸೂಚಿಸಿದರೆ, ಹೆಸರು ಬರೆದು ಎಂಟರ್ ಒತ್ತಿದ ಕೂಡಲೇ ಸಾಲು ತಾನಾಗಿಯೇ ಸಂಭಾಷಣೆಯ ಜಾಗಕ್ಕೆ ಸರಿಯುತ್ತದೆ. ಒಂದು ಎಚ್ಚರಿಕೆ: ಇದರಲ್ಲಿ ಇಂಗ್ಲಿಷಿಗೆ ಆರಿಸಿದ ಫಾಂಟ್ ಕನ್ನಡಕ್ಕೆ ಅನ್ವಯಿಸುವುದಿಲ್ಲ. ಭಾಷೆಯ ಆಯ್ಕೆಗಳಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬುದನ್ನು ಸಕ್ರಿಯಗೊಳಿಸಿ, ಪ್ರತಿ ಸ್ಟೈಲಿನಲ್ಲೂ ಕನ್ನಡದ ಫಾಂಟನ್ನು ಪ್ರತ್ಯೇಕವಾಗಿ ಕೊಡಬೇಕು. ನೋಟೋ ಸಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ. "ನುಡಿ", "ಬರಹ" ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಬರೆಯುವವರಾದರೆ, ಎಲ್ಲ ಯಂತ್ರಗಳಲ್ಲೂ ಓದಲು ಬರುವ ಯೂನಿಕೋಡ್‌ನಲ್ಲೇ ಟೈಪಿಸಿ. ಹಳೆಯ ಆಸ್ಕಿ ಫಾಂಟಿನ ಬರಹ ಬೇರೆಯವರ ಯಂತ್ರದಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ.

ಉತ್ತರ 2: ಮೇಲಿನವರು ಹೇಳಿದ ಪಿಡಿಎಫ್ ಪರೀಕ್ಷೆಯನ್ನು ತಪ್ಪದೆ ಮಾಡಿ. ಅದಕ್ಕೆ ನಾನು ಸೇರಿಸುವುದು ಫೌಂಟನ್ ಎಂಬ ಬರವಣಿಗೆಯ ಕ್ರಮವನ್ನು. ಇದು 2012ರಲ್ಲಿ ಬಂದದ್ದು. ತಂತ್ರಾಂಶವಲ್ಲ, ಸರಳ ಪಠ್ಯದಲ್ಲಿ ಚಿತ್ರಕಥೆ ಬರೆಯುವ ನಿಯಮಗಳಷ್ಟೇ. ಆದ್ದರಿಂದ ನೋಟ್‌ಪ್ಯಾಡ್ ಸಾಕು, ನಿಮ್ಮ ಹಳೆಯ ಲ್ಯಾಪ್‌ಟಾಪಿಗೆ ಭಾರವೂ ಆಗುವುದಿಲ್ಲ. ಫೌಂಟನ್ ದೃಶ್ಯದ ತಲೆಬರಹವನ್ನು INT, EXT ಮುಂತಾದ ಇಂಗ್ಲಿಷ್ ಪದಗಳಿಂದಲೂ ಪಾತ್ರದ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರಗಳಿಂದಲೂ ಗುರುತಿಸುತ್ತದೆ. ಕನ್ನಡದ ಬರಹದಲ್ಲಿ ಆ ಪದಗಳೂ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೂ ಇಲ್ಲದ ಕಾರಣ ತಲೆಬರಹಕ್ಕೆ ಚುಕ್ಕಿಯನ್ನೂ ಹೆಸರಿಗೆ @ ಚಿಹ್ನೆಯನ್ನೂ ಮೊದಲಿಗೆ ಹಾಕಬೇಕು:

.ಒಳಾಂಗಣ. ಅಡುಗೆಮನೆ - ಸಂಜೆ

ಒಲೆಯ ಮೇಲೆ ಹಾಲು ಉಕ್ಕುತ್ತಿದೆ.

@ಸಾವಿತ್ರಿ
ಯಾರು ಬಂದಿದ್ದು?

ಮ್ಯಾಕ್ ಇರುವವರಿಗೆ ಇದೇ ಕ್ರಮವನ್ನು ಬಳಸುವ ಬೀಟ್ ಎಂಬ ಉಚಿತ ತಂತ್ರಾಂಶವಿದೆ. ನೀವು ನೋಟ್‌ಪ್ಯಾಡಿನಲ್ಲಿ ಬರೆದು, ಕೊನೆಯ ಪ್ರತಿಯನ್ನು ರೈಟರ್‌ನಲ್ಲಿ ಅಂದಗೊಳಿಸಿದರೆ ಸಾಕು.

ಇನ್ನೊಂದು ಮಾತು. ಚಿತ್ರಕಥೆಯ ಒಂದು ಪುಟವೆಂದರೆ ತೆರೆಯ ಮೇಲೆ ಒಂದು ನಿಮಿಷ ಎಂಬ ವಾಡಿಕೆಯ ಲೆಕ್ಕ 12 ಪಾಯಿಂಟ್ ಕೊರಿಯರ್ ಫಾಂಟಿನ ಇಂಗ್ಲಿಷ್ ಪುಟಕ್ಕೆ ಹೊಂದಿಸಿದ್ದು. ಅದನ್ನು ನಂಬಿ ನಾನು 18 ಪುಟ ಬರೆದಿದ್ದೆ. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿದಾಗ 25 ನಿಮಿಷವಾಯಿತು. ನಿಮ್ಮ ಮಿತಿ 20 ನಿಮಿಷವಾದ್ದರಿಂದ, ಮೊದಲ ಐದು ಪುಟ ಮುಗಿದೊಡನೆ ಒಮ್ಮೆ ಹೀಗೆ ಓದಿ ಅಳೆದುಕೊಳ್ಳಿ.